ಲಕ್ವದ ನಂತರ ಮನೆಗೆ ಬಂದವರು ಬೀಳುವ ಅಪಾಯವನ್ನು ಮೊದಲೇ ಗುರುತಿಸುವುದು ಹೇಗೆ?

ಆಸ್ಪತ್ರೆಯಲ್ಲಿ ಹಿಡಿಯಲು ಕಂಬಿ, ಕರೆದರೆ ಬರುವ ನರ್ಸ್ ಇರುತ್ತಾರೆ. ಮನೆಗೆ ಬಂದ ಮೊದಲ ತಿಂಗಳುಗಳಲ್ಲಿ ಆ ಆಸರೆಯಿಲ್ಲದೆ ಬೀಳುವವರು ಬಹಳ. ಬೀಳುವುದೂ ಹೆಚ್ಚಾಗಿ ಸೋತ ಪಕ್ಕಕ್ಕೇ. ಬಳಕೆಯಿಲ್ಲದೆ ಟೊಳ್ಳಾಗಿರುವುದೂ ಅದೇ ಪಕ್ಕದ ಮೂಳೆ. ಸೊಂಟ ಮುರಿಯುವುದು ಹೀಗೆ.

ಡಿಸ್ಚಾರ್ಜ್‌ಗೆ ಮುನ್ನ ವಾರ್ಡಿನವರನ್ನು ಒಂದು ಪ್ರಶ್ನೆ ಕೇಳಿ: ಇವರು ಇಲ್ಲಿ ಬಿದ್ದಿದ್ದರೇ, ಅಥವಾ ಬೀಳುವುದರಲ್ಲಿದ್ದು ತಪ್ಪಿಸಿಕೊಂಡಿದ್ದರೇ? 'ಬೀಳಲಿಲ್ಲವಲ್ಲ' ಎಂದು ನಾವು ಮರೆತುಬಿಡುವ ಆ ಎರಡನೆಯದೇ ದೊಡ್ಡ ಸುಳಿವು. ಜೊತೆಗೆ ಕೈಯೂ ಸೋತಿದ್ದರೆ ಆಯ ತಪ್ಪಿದಾಗ ಏನನ್ನಾದರೂ ಹಿಡಿದು ನಿಲ್ಲಲಾಗದು. ಫಿಸಿಯೋಥೆರಪಿಸ್ಟ್ ಬಳಿ ಬರ್ಗ್ ಸಮತೋಲನ ಪರೀಕ್ಷೆಯ ಅಂಕವನ್ನೂ ಕೇಳಿ. ಒಟ್ಟು 56, 45ಕ್ಕಿಂತ ಕಡಿಮೆಯಾದರೆ ಎಚ್ಚರ. ಆದರೆ ಅಂಕ ಚೆನ್ನಾಗಿದೆ ಎಂದು ನಿಶ್ಚಿಂತರಾಗಬೇಡಿ.

ಮನೆಯಲ್ಲಿ ಹೀಗೆ ನೋಡಿ. ಕುರ್ಚಿಯಿಂದ 3 ಮೀಟರ್ ದೂರಕ್ಕೆ ಗುರುತು ಹಾಕಿ. ಅವರು ಎದ್ದು, ಗುರುತಿನವರೆಗೆ ನಡೆದು, ತಿರುಗಿ ಬಂದು ಕೂರಬೇಕು, ಊರುಗೋಲು ಬಳಸಬಹುದು. ನೀವು ಸೋತ ಪಕ್ಕದಲ್ಲಿ, ಒಂದು ಹೆಜ್ಜೆ ಹಿಂದೆ, ಕೈಗೆ ಸಿಗುವಷ್ಟು ಹತ್ತಿರ ಇರಿ. ಇನ್ನೊಬ್ಬರು ಸಮಯ ನೋಡಲಿ. 14 ಸೆಕೆಂಡಿಗಿಂತ ಹೆಚ್ಚಾದರೆ ಅಪಾಯವಿದೆ ಎಂದು ಲೆಕ್ಕ. ನನ್ನ ಮಟ್ಟಿಗೆ ಗಡಿಯಾರಕ್ಕಿಂತ ಆ ತಿರುವು ಮುಖ್ಯ. ಪಾದ ನೆಲಕ್ಕೆ ಅಂಟಿದಂತಾಗಿ ಮೈ ಮಾತ್ರ ಮುಂದೆ ತಿರುಗುತ್ತದೆಯೇ? ಕಾಲ್ಬೆರಳು ನೆಲ ಕೆರೆಯುತ್ತದೆಯೇ? ಕುರ್ಚಿ ಕಾಲಿಗೆ ತಾಗುವ ಮೊದಲೇ ಧೊಪ್ಪನೆ ಕೂರುತ್ತಾರೆಯೇ?

ಮರುದಿನ ಅವರು ನಡೆಯುತ್ತಿರುವಾಗ ಏನಾದರೂ ಮಾತಾಡಿಸಿ. ಉತ್ತರಿಸಲು ನಿಂತೇಬಿಟ್ಟರೆ, ನಡಿಗೆಗೇ ಅವರ ಗಮನವೆಲ್ಲ ಖರ್ಚಾಗುತ್ತಿದೆ ಎಂದರ್ಥ. ಅಂಥವರನ್ನು ನಡೆಯುವಾಗ ಹಿಂದಿನಿಂದ ಕೂಗಬೇಡಿ.

ತಟ್ಟೆಯ ಒಂದು ಬದಿಯ ಊಟ ಹಾಗೇ ಉಳಿಯುತ್ತಿದೆಯೇ? ಭುಜ ಬಾಗಿಲಿಗೆ ತಾಗುತ್ತಿದೆಯೇ? ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಬದಿ ಇದೆಯೆಂಬ ಅರಿವೇ ಇರುವುದಿಲ್ಲ. ಇವರಿಗೆ ಭಯವೂ ಇರದು, ಅದಕ್ಕೇ ಹೆಚ್ಚು ಕಾಯಬೇಕು.

ಮಲಗಿದ್ದಾಗ ಒಮ್ಮೆ, ಎದ್ದು ನಿಂತ 3 ನಿಮಿಷದೊಳಗೆ ಇನ್ನೊಮ್ಮೆ ರಕ್ತದೊತ್ತಡ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ವೈದ್ಯರಿಗೆ ತಿಳಿಸಿ. ಮಾತ್ರೆಗಳ ಪಟ್ಟಿಯನ್ನೂ ತೋರಿಸಿ; ನಿದ್ದೆಯ ಮಾತ್ರೆಯಿದ್ದರೆ ವಿಶೇಷವಾಗಿ ಕೇಳಿ.

ರಾತ್ರಿ ಅವಸರವಾಗಿ ಶೌಚಕ್ಕೆ ಏಳುವುದನ್ನು ಒಂದು ವಾರ ಗಮನಿಸಿ. ಕತ್ತಲು, ಮಂಪರು, ಆತುರ ಮೂರೂ ಅಲ್ಲಿ ಕೂಡುತ್ತವೆ. ಎಡವಿದ ಪ್ರತಿ ಸಲವೂ ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡುವಾಗ ಎಂದು ಬರೆದಿಡಿ. ಆ ಹಾಳೆಯನ್ನು ಮುಂದಿನ ಭೇಟಿಗೆ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದರೆ ಮಾತ್ರ ಅಲ್ಲಿಯವರೆಗೆ ಕಾಯಬೇಡಿ. ಗಾಯ ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.