ಮೊದಲು ‘ಆದರೂ’ ಹುಡುಕಿ: ಪ್ಯಾರಡಾಕ್ಸ್ ಪ್ರಶ್ನೆ ಬಿಡಿಸುವುದು ಹೇಗೆ

ಬೆಂಗಳೂರಲ್ಲಿ ಜೋರು ಮಳೆ, ರಸ್ತೆಯಲ್ಲಿ ಮೊಣಕಾಲುದ್ದ ನೀರು. ಆದರೂ ಮನೆಯ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು, ನಮಗಲ್ಲ. ಯಾಕಂದರೆ ನಲ್ಲಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿದ ಕಾವೇರಿ ನೀರು, ರಸ್ತೆಗೆ ಬಿದ್ದ ಮಳೆ ಹೋಗುವುದು ರಾಜಕಾಲುವೆಗೆ. ಈ ಒಂದು ಮಾತು ಸೇರಿಸಿದ ಕೂಡಲೇ ಎರಡು ಸಂಗತಿಗಳ ಜಗಳ ನಿಂತುಹೋಗುತ್ತದೆ. ಎಂಬಿಎ ಸೇರಲು ಬರೆಯುವ ಜಿಮ್ಯಾಟ್, ಕಾನೂನು ಓದಲು ಬರೆಯುವ ಎಲ್‌ಸ್ಯಾಟ್‌ಗಳಲ್ಲಿ ಬರುವ ಪ್ಯಾರಡಾಕ್ಸ್ ಪ್ರಶ್ನೆ (ಒಂದಕ್ಕೊಂದು ಹೊಂದದಂತೆ ಕಾಣುವ ಎರಡು ಸಂಗತಿ ಕೊಟ್ಟು ‘ಯಾಕೆ?’ ಅನ್ನುವ ಪ್ರಶ್ನೆ) ಕೇಳುವುದು ಆ ಒಂದು ಮಾತನ್ನೇ.

ಪ್ಯಾಸೇಜ್ ಓದುವಾಗ ‘ಯೆಟ್’, ‘ಹೌವೆವರ್’, ‘ಸರ್‌ಪ್ರೈಸಿಂಗ್ಲಿ’ ತರಹದ ಪದ ಎಲ್ಲಿದೆ ನೋಡಿ. ಅದೇ ನಮ್ಮ ‘ಆದರೂ’. ಅದರ ಆಚೆ ಒಂದು ಸಂಗತಿ, ಈಚೆ ಒಂದು ಸಂಗತಿ. ಎರಡನ್ನೂ ಸೇರಿಸಿ ಮನಸ್ಸಿನಲ್ಲೇ ಕನ್ನಡದಲ್ಲಿ ಒಂದು ಪುಟ್ಟ ವಾಕ್ಯ ಮಾಡಿ: ‘ಇದು ಹೀಗಿದೆ, ಆದರೂ ಅದು ಹಾಗಾಗಿದೆ, ಯಾಕೆ?’ ಈ ವಾಕ್ಯ ಆಗುವವರೆಗೆ ಆಯ್ಕೆಗಳ ಕಡೆ ಕಣ್ಣು ಹಾಯಿಸಬೇಡಿ. ಜಿಮ್ಯಾಟ್‌ನ ವರ್ಬಲ್ ಅನ್ನುವ ಭಾಷೆ-ತರ್ಕದ ವಿಭಾಗದಲ್ಲಿ 45 ನಿಮಿಷಕ್ಕೆ 23 ಪ್ರಶ್ನೆ, ಅಂದರೆ ಒಂದಕ್ಕೆ ಎರಡು ನಿಮಿಷವೂ ಇಲ್ಲ, ಅದಕ್ಕೇ ಎಲ್ಲರೂ ಆಯ್ಕೆಗಳಿಗೆ ಹಾರುತ್ತಾರೆ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಒಂದು ಉದಾಹರಣೆ ನಾನೇ ಕಟ್ಟುತ್ತೇನೆ. ಒಂದು ಊರಿನ ಡೈರಿ ಹಾಲಿಗೆ ಲೀಟರ್‌ಗೆ ಎರಡು ರೂಪಾಯಿ ಜಾಸ್ತಿ ಕೊಡಲು ಶುರು ಮಾಡಿತು. ಆದರೂ ಆ ತಿಂಗಳು ಡೈರಿಯಲ್ಲಿ ಸೇರಿದ ಹಾಲು ಹಿಂದಿನ ತಿಂಗಳಿಗಿಂತ ಕಡಿಮೆ. ಯಾಕಿರಬಹುದು?

ಎ) ಆ ತಿಂಗಳು ಊರಿನಲ್ಲಿ ಕರು ಹಾಕಿದ ಹಸುಗಳು ಜಾಸ್ತಿ.
ಬಿ) ಪಕ್ಕದ ಊರಿನ ಡೈರಿಯೂ ಅಷ್ಟೇ ದರ ಏರಿಸಿತು.
ಸಿ) ಹಾಲು ಹಾಕುವವರಲ್ಲಿ ಹಲವರಿಗೆ ದರ ಏರಿದ್ದು ಇನ್ನೂ ಗೊತ್ತಿಲ್ಲ.
ಡಿ) ದರ ಏರಿದ ದಿನದಿಂದಲೇ ಫ್ಯಾಟ್ ಪರೀಕ್ಷೆ ಬಿಗಿಯಾಯಿತು, ಮೊದಲು ತೆಗೆದುಕೊಳ್ಳುತ್ತಿದ್ದ ತೆಳು ಹಾಲನ್ನು ಈಗ ವಾಪಸ್ ಕಳಿಸುತ್ತಾರೆ.
ಇ) ಎರಡು ರೂಪಾಯಿ ಏನಕ್ಕೂ ಸಾಲದು ಅನ್ನುವುದು ರೈತ ಮುಖಂಡರ ಅಭಿಪ್ರಾಯ.

ಎ ಬಿಡಿ, ಅದು ಗಂಟನ್ನು ಇನ್ನೂ ಬಿಗಿ ಮಾಡುತ್ತದೆ. ಬಿ ಸುಮ್ನೆ ಕೂತಿದೆ. ಇ ಕೇಳಲು ನ್ಯಾಯವಾಗಿದೆ, ಆದರೆ ಹಾಲಿನ ದರ ಹೋದ ತಿಂಗಳು ಇನ್ನೂ ಕಡಿಮೆ ಇತ್ತಲ್ವಾ, ಆಗ ಹಾಲು ಜಾಸ್ತಿ ಬರುತ್ತಿತ್ತು. ನಿಜವಾದ ಬಲೆ ಸಿ. ದರ ಗೊತ್ತಿಲ್ಲದಿದ್ದರೆ ಹಾಲು ಹೆಚ್ಚಾಗುವುದಿಲ್ಲ, ಸರಿ. ಆದರೆ ಕಡಿಮೆ ಯಾಕಾಗಬೇಕು? ಹಿಂದಿನಷ್ಟೇ ಬರಬೇಕಿತ್ತು. ಅರ್ಧ ದಾರಿಗೆ ಬಂದು ನಿಲ್ಲುವ ಈ ಜಾತಿಯ ಆಯ್ಕೆಗೆ ನಾನು ತಯಾರಿಯ ಮೊದಲ ತಿಂಗಳು ಪೂರ್ತಿ ಬಲಿಯಾಗಿದ್ದೇನೆ, ಉತ್ತರ ನೋಡಿದ ಮೇಲೂ ನನ್ನದೇ ಸರಿ ಅಂತ ವಾದ ಬೇರೆ. ಡಿ ಮಾತ್ರ ಎರಡೂ ಕಡೆ ಮುಟ್ಟುತ್ತದೆ: ದರವೂ ಏರಿತು, ಹಾಲೂ ಇಳಿಯಿತು.

ಇಲ್ಲಿ ತುಂಬಾ ಜನ ಇನ್ನೊಂದು ತಪ್ಪು ಮಾಡುತ್ತಾರೆ. ‘ಫ್ಯಾಟ್ ಪರೀಕ್ಷೆ ಬಿಗಿ ಮಾಡಿದ್ದು ನಿಮಗೆ ಯಾರು ಹೇಳಿದರು?’ ಅಂತ ಆಯ್ಕೆಯ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಪ್ರಶ್ನೆಯಲ್ಲಿ ‘ಇಫ್ ಟ್ರೂ’ (ನಿಜವಾಗಿದ್ದರೆ) ಅಂತ ಬರೆದಿರುತ್ತದೆ, ಆಯ್ಕೆ ನಿಜ ಅಂತ ಒಪ್ಪಿಕೊಂಡೇ ಮುಂದೆ ಹೋಗಬೇಕು. ಪ್ಯಾಸೇಜಿನ ಎರಡು ಸಂಗತಿಗಳೂ ನಿಜವೇ. ಅವುಗಳಲ್ಲಿ ಒಂದನ್ನು ಸುಳ್ಳು ಮಾಡುವ ಆಯ್ಕೆ ಕಂಡರೆ ಅಲ್ಲೇ ಹೊಡೆದುಹಾಕಿ. ಹೊಸ ವಿಷಯ ತರುತ್ತದೆ ಅನ್ನುವ ಕಾರಣಕ್ಕೆ ಮಾತ್ರ ಯಾವುದನ್ನೂ ಬಿಡಬೇಡಿ, ಈ ಪ್ರಶ್ನೆಯಲ್ಲಿ ಸರಿ ಉತ್ತರ ಬರುವುದೇ ಹೊರಗಿನಿಂದ.

ಶೇಕಡಾ ಲೆಕ್ಕ ಕಂಡರಂತೂ ಒಂದು ಕ್ಷಣ ನಿಲ್ಲಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಕಥೆ ಗೊತ್ತಿರಬಹುದು. 1973ರಲ್ಲಿ ಅಲ್ಲಿ ಸ್ನಾತಕೋತ್ತರ ಓದಿಗೆ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು 44% ಮಂದಿಗೆ ಸೀಟು ಸಿಕ್ಕಿತು, ಹೆಂಗಸರಲ್ಲಿ 35% ಮಂದಿಗೆ. ಆದರೂ ಒಂದೊಂದೇ ವಿಭಾಗ ತೆಗೆದು ನೋಡಿದರೆ ಹೆಚ್ಚಿನ ಕಡೆ ಹೆಂಗಸರಿಗೆ ಅನ್ಯಾಯ ಆದಂತೆ ಕಾಣಲಿಲ್ಲ. ಸಂಗತಿ ಏನೆಂದರೆ, ಯಾರಿಗೇ ಆಗಲಿ ಸೀಟು ಸಿಗುವುದು ಕಷ್ಟವಿದ್ದ ವಿಭಾಗಗಳಿಗೇ ಹೆಂಗಸರು ಜಾಸ್ತಿ ಅರ್ಜಿ ಹಾಕಿದ್ದರು. ಹಾಗಾಗಿ ಎರಡು ಗುಂಪುಗಳ ಹೋಲಿಕೆ ಬಂದಾಗ ಮೊದಲ ಅನುಮಾನ ಇದೇ ಇರಲಿ: ಎರಡು ಗುಂಪುಗಳೂ ಒಂದೇ ತರಹದವೇ? ಇಂದಿನ ಗುಂಪಿನಲ್ಲಿ ನಿನ್ನೆಯ ಜನರೇ ಇದ್ದಾರಾ? ಎಣಿಸುವ ರೀತಿ ಏನಾದರೂ ಬದಲಾಯಿತಾ? ನನ್ನ ಅನುಭವದಲ್ಲಿ ತುಂಬಾ ಪ್ರಶ್ನೆಗಳು ಈ ಮೂರರಲ್ಲೇ ಬಿಡಿಸಿಕೊಳ್ಳುತ್ತವೆ.

ಕೊನೆಗೆ ‘ಎಕ್ಸೆಪ್ಟ್’, ಅಂದರೆ ‘ಇದೊಂದನ್ನು ಬಿಟ್ಟು’ ಅನ್ನುವ ಪ್ರಶ್ನೆ. ಇಲ್ಲಿ ನಾಲ್ಕು ಆಯ್ಕೆ ಗಂಟು ಬಿಡಿಸುತ್ತವೆ, ಬಿಡಿಸದ ಒಂದನ್ನು ಹುಡುಕಬೇಕು. ಅದು ಉಲ್ಟಾ ಹೇಳಬೇಕಂತೇನಿಲ್ಲ, ಮೇಲಿನ ಬಿ ತರಹ ಸುಮ್ನೆ ಕೂತಿದ್ದರೂ ಸಾಕು. ಬಿಡಿಸುವ ಪ್ರತಿ ಆಯ್ಕೆಯ ಎದುರು ಹಾಳೆಯಲ್ಲಿ ಒಂದು ಟಿಕ್ ಹಾಕುತ್ತಾ ಬನ್ನಿ, ಟಿಕ್ ಇಲ್ಲದೆ ಉಳಿದದ್ದನ್ನು ಒತ್ತಿ ಮುಂದಿನ ಪ್ರಶ್ನೆಗೆ ಹೋಗಿ.