ಮನೆಯಲ್ಲೇ ಕಡಲು: ಪುಟ್ಟ ಮಕ್ಕಳಿಗೆ ಉಪ್ಪು, ನೀರು ಮತ್ತು ಐದು ಸೀರೆಯ ಪಾಠ

ಬೀದರ್‌ನಲ್ಲೋ ತುಮಕೂರಿನಲ್ಲೋ ಬೆಳೆಯುವ ಮಗುವಿಗೆ ಕಡಲು ಅಂದರೆ ಪುಸ್ತಕದ ಒಂದು ನೀಲಿ ಪುಟ. ಆಕ್ಟೋಪಸ್, ಡಾಲ್ಫಿನ್ ಅಂತ ಹೆಸರುಗಳನ್ನೇನೋ ಪಟಪಟ ಹೇಳುತ್ತದೆ. ಆದರೆ ಆ ನೀರು ಉಪ್ಪಂತೆ, ಅದರೊಳಗೆ ಮನೆಗಿಂತ ದೊಡ್ಡ ಪ್ರಾಣಿ ಇದೆಯಂತೆ ಅನ್ನೋದು ಅದರ ಕೈಗೆ, ನಾಲಿಗೆಗೆ ತಾಕಿರುವುದಿಲ್ಲ. ಮೂರರಿಂದ ಐದು ವರ್ಷದ ಮಕ್ಕಳು ಕಲಿಯುವುದೇ ಮುಟ್ಟಿ, ಸುರಿದು, ಚೆಲ್ಲಿ. ಅದಕ್ಕೇ ದುಬಾರಿ ಕಿಟ್ ತರಬೇಡಿ. ಅಡುಗೆಮನೆಯ ಉಪ್ಪು, ಒಂದು ಟಬ್ ನೀರು, ಒಂದು ಹಳೆ ಸೀರೆ ಸಾಕು.

ಶುರು ಮಾಡುವ ಮೊದಲು ಎರಡು ಮಾತು. ನೀರಿನ ಆಟದಲ್ಲಿ ಮಗುವಿನ ಪಕ್ಕದಲ್ಲಿ ದೊಡ್ಡವರು ಕೂತೇ ಇರಬೇಕು. ಫೋನ್ ಬಂತು ಅಂತ ಒಂದು ನಿಮಿಷವೂ ಎದ್ದು ಹೋಗಬಾರದು, ಟಬ್ಬಿನಲ್ಲಿ ನಾಲ್ಕು ಬೆರಳು ನೀರಿದ್ದರೂ ಪುಟ್ಟ ಮಗುವಿಗೆ ಅಪಾಯವೇ. ಆಟ ಮುಗಿದ ಕೂಡಲೇ ನೀರು ಚೆಲ್ಲಿಬಿಡಿ. ಎರಡನೆಯದು, ಉತ್ತರವನ್ನು ನೀವು ಮೊದಲೇ ಹೇಳಬೇಡಿ. ಮಗು ಊಹೆ ಮಾಡಲಿ, ತಪ್ಪಲಿ, ಮತ್ತೆ ನೋಡಲಿ. ನನ್ನ ಪ್ರಕಾರ ಈ ಆಟಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ತೇಲುತ್ತಾ, ಮುಳುಗುತ್ತಾ?

1. ಅಗಲವಾದ ಟಬ್ಬಿನಲ್ಲಿ ಅರ್ಧದಷ್ಟು ನೀರು ತುಂಬಿ. ನೆಲಕ್ಕೆ ಹಳೆ ಟವೆಲ್ ಹಾಸಿ.

2. ಸ್ಟೀಲ್ ಚಮಚ, ಒಣ ಎಲೆ, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ, ಆಲೂಗಡ್ಡೆ, ಕಿತ್ತಳೆ ಹಣ್ಣು, ಹೀಗೆ ಐದಾರು ವಸ್ತು ಕೂಡಿಸಿ.

3. ಒಂದೊಂದನ್ನೇ ಮಗುವಿನ ಕೈಗೆ ಕೊಟ್ಟು ಕೇಳಿ: 'ಪುಟ್ಟಾ, ಇದು ತೇಲುತ್ತಾ, ಮುಳುಗುತ್ತಾ?' ಅದು ಹೇಳಿದ ಮೇಲೆಯೇ ನೀರಿಗೆ ಬಿಡಲಿ.

4. ಕಿತ್ತಳೆಯನ್ನು ಎರಡು ಸಲ ನೀರಿಗೆ ಹಾಕಿಸಿ. ಸಿಪ್ಪೆ ಇದ್ದಾಗ ತೇಲುತ್ತದೆ. ಸಿಪ್ಪೆ ಸುಲಿದರೆ ಸಾಮಾನ್ಯವಾಗಿ ತಳ ಸೇರುತ್ತದೆ. ಹಗುರಾದ ಮೇಲೆ ಮುಳುಗಿತಲ್ಲ, ಯಾಕೆ? ಸಿಪ್ಪೆಯೊಳಗೆ ಗಾಳಿ ಸೇರಿಕೊಂಡಿರುತ್ತದೆ, ಅದೇ ಹಣ್ಣನ್ನು ಎತ್ತಿ ಹಿಡಿಯುತ್ತದೆ. ಲೈಫ್ ಜಾಕೆಟ್ ಕೆಲಸ ಮಾಡುವುದೂ ಹೀಗೆಯೇ.

ಇನ್ನು ಆಲೂಗಡ್ಡೆ. ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಎರಡರಲ್ಲೂ ಮುಕ್ಕಾಲು ನೀರು ಇರಲಿ. ಒಂದಕ್ಕೆ ಮೂರು ನಾಲ್ಕು ದೊಡ್ಡ ಚಮಚ ಪುಡಿ ಉಪ್ಪು ಹಾಕಿಸಿ, ಪೂರ್ತಿ ಕರಗುವ ತನಕ ಮಗುವೇ ಕಲಕಲಿ. ಆಲೂಗಡ್ಡೆಯ ಒಂದೊಂದು ತುಂಡನ್ನು ಎರಡಕ್ಕೂ ಬಿಡಿ. ಸಪ್ಪೆ ನೀರಿನ ತುಂಡು ತಳಕ್ಕೆ ಹೋಗುತ್ತದೆ, ಉಪ್ಪು ನೀರಿನದು ಮೇಲೆ ಬರುತ್ತದೆ. ಬರದಿದ್ದರೆ ಇನ್ನೊಂದು ಚಮಚ ಉಪ್ಪು ಹಾಕಿ. ಮೊಟ್ಟೆ ತಿನ್ನುವ ಮನೆಯಾದರೆ ಹಸಿ ಮೊಟ್ಟೆಯಲ್ಲೂ ಇದನ್ನೇ ಮಾಡಬಹುದು. ಮಗುವಿಗೆ 'ಸಾಂದ್ರತೆ' ಅನ್ನೋ ಪದ ಬೇಡ. 'ಉಪ್ಪು ಸೇರಿದ್ರೆ ನೀರು ಭಾರ ಆಗತ್ತೆ, ಭಾರದ ನೀರು ಜಾಸ್ತಿ ಎತ್ತತ್ತೆ' ಅಂದರೆ ಸಾಕು. ಕಡಲಿನಲ್ಲಿ ಈಜುವುದು ಬಾವಿಯಲ್ಲಿ ಈಜುವುದಕ್ಕಿಂತ ಸ್ವಲ್ಪ ಸುಲಭ ಅನಿಸುವುದೂ ಇದಕ್ಕೇ.

ಕಡಲಿನ ರುಚಿಯನ್ನೂ ತೋರಿಸಬಹುದು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಂದರೆ ಒಂದು ಲೀಟರ್ ಕುಡಿಯುವ ನೀರಿಗೆ ಹೆಚ್ಚು ಕಡಿಮೆ ಎರಡು ದೊಡ್ಡ ಚಮಚ ಉಪ್ಪು. ಬೆರಳ ತುದಿ ಅದ್ದಿ ಒಂದು ಹನಿ ನಾಲಿಗೆಗೆ ಮುಟ್ಟಿಸಿದರೆ ಆಯಿತು. ಉಪ್ಪು ನೀರನ್ನು ಕುಡಿಯಲು ಖಂಡಿತ ಬಿಡಬೇಡಿ, ಪುಟ್ಟ ಮಕ್ಕಳ ದೇಹಕ್ಕೆ ಅದು ಒಳ್ಳೆಯದಲ್ಲ.

ಬಿಸಿಲಿಗಿಟ್ಟ ಕಡಲು

ಆಟದಲ್ಲಿ ಉಳಿದ ಆ ಉಪ್ಪು ನೀರನ್ನು ಚೆಲ್ಲಬೇಡಿ. ಗಾಢ ಬಣ್ಣದ ಪಿಂಗಾಣಿ ಅಥವಾ ಪ್ಲಾಸ್ಟಿಕ್ ತಟ್ಟೆಯಲ್ಲಿ ತೆಳ್ಳಗೆ ಸುರಿದು ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಅಲುಗಾಡಿಸಬೇಡಿ. ದಿನಕ್ಕೆರಡು ಸಲ ಮಗುವನ್ನು ಕರೆದು ತೋರಿಸಿ. ಮೊದಲು ತಟ್ಟೆಯ ಅಂಚಿನಲ್ಲಿ ಸಣ್ಣ ಬಿಳಿ ಗೆರೆ ಕಾಣುತ್ತದೆ. ಆಮೇಲೆ ನೀರಿನ ನಡುವೆ ಚುಕ್ಕಿ ಚುಕ್ಕಿ. ನೀರು ಪೂರ್ತಿ ಆರಿದ ಮೇಲೆ ಭೂತಗನ್ನಡಿ ಹಿಡಿದು ನೋಡಲಿ. ಪ್ರತಿ ಹರಳಿಗೂ ನೇರವಾದ ಅಂಚು, ನಾಲ್ಕು ಮೂಲೆ. ನಿಧಾನವಾಗಿ ಆರಿದಷ್ಟೂ ಹರಳು ದೊಡ್ಡದು. ಚೌಕ ಅಂದರೇನು ಅಂತ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪು ಮಾಡುವುದು ಹೀಗೆಯೇ. ಉಬ್ಬರದ ನೀರನ್ನು ಉಪ್ಪಿನ ಗದ್ದೆಗೆ ಬಿಟ್ಟು, ಬೇಸಿಗೆಯ ಬಿಸಿಲಿಗೆ ಒಣಗಿಸಿ, ಕೆಳಗುಳಿದ ಉಪ್ಪನ್ನು ಗೋರಿ ತೆಗೆಯುತ್ತಾರೆ. 'ನಮ್ಮ ಸಾರಿಗೆ ಹಾಕೋ ಉಪ್ಪು ಒಂದು ಕಾಲದಲ್ಲಿ ಕಡಲೊಳಗಿತ್ತು' ಅಂತ ಮಗುವಿಗೆ ಹೇಳಿ. ಊಟಕ್ಕೆ ಕೂತಾಗ ಅದೇ ನಿಮಗೆ ನೆನಪಿಸುತ್ತದೆ. ಮೋಡ ಕವಿದ ದಿನಗಳಲ್ಲಿ ಮಾತ್ರ ಇದಕ್ಕೆ ಕೈ ಹಾಕಬೇಡಿ. ತಟ್ಟೆ ವಾರಗಟ್ಟಲೆ ಹಾಗೇ ಇರುತ್ತದೆ, ಮಗುವಿಗೆ ಬೇಜಾರಾಗುತ್ತದೆ.

ಐದು ಸೀರೆಯ ತಿಮಿಂಗಿಲ

ನೀಲಿ ತಿಮಿಂಗಿಲ ಜಗತ್ತಿನ ಅತಿ ದೊಡ್ಡ ಪ್ರಾಣಿ, 30 ಮೀಟರ್‌ವರೆಗೂ ಬೆಳೆಯುತ್ತದೆ. ಆದರೆ ನಾಲ್ಕು ವರ್ಷದ ಮಗುವಿಗೆ ಮೂವತ್ತು ಮೀಟರ್ ಅಂದರೆ ಏನೂ ಅಲ್ಲ. ಅಮ್ಮನ ಸೀರೆ ಗೊತ್ತು. ಸೀರೆಯ ಉದ್ದ ಸಾಧಾರಣವಾಗಿ ಐದೂವರೆ ಮೀಟರ್. ಐದು ಸೀರೆ ಉದ್ದಕ್ಕೆ ಹಾಸಿದರೆ ಇಪ್ಪತ್ತೇಳೂವರೆ ಮೀಟರ್, ಅಂದರೆ ಒಂದು ನೀಲಿ ತಿಮಿಂಗಿಲ!

ಟೆರೇಸಿನಲ್ಲಿ ಇಷ್ಟು ಉದ್ದ ಸಿಗುವುದು ಕಷ್ಟ. ಪಾರ್ಕಿಗೋ ವಾಹನ ಬಾರದ ಓಣಿಗೋ ಹೋಗಿ. ಐದು ಸೀರೆ ಒಯ್ಯುವುದೂ ಬೇಕಿಲ್ಲ. ಒಂದೇ ಹಳೆ ಸೀರೆ ಹಾಸಿ, ತುದಿಯಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಗೆರೆಯಿಂದ ಮತ್ತೆ ಮುಂದಕ್ಕೆ ಹಾಸಿ. ಹೀಗೆ ಐದು ಸಲ. ಆಮೇಲೆ ಮಗು ತಲೆಯಿಂದ ಬಾಲದವರೆಗೆ ಹೆಜ್ಜೆ ಎಣಿಸುತ್ತಾ ನಡೆಯಲಿ. ಎಣಿಕೆ ಇಪ್ಪತ್ತಕ್ಕೆ ನಿಂತುಹೋದರೆ ಚಿಂತೆ ಇಲ್ಲ, ಮತ್ತೆ ಒಂದರಿಂದ ಶುರು ಮಾಡಲಿ. ತಿಮಿಂಗಿಲದ ಮರಿ ಹುಟ್ಟುವಾಗಲೇ ಸುಮಾರು 7 ಮೀಟರ್, ಒಂದು ಸೀರೆಗಿಂತ ಉದ್ದ. ಅದು ಅಮ್ಮನ ಹಾಲು ಕುಡಿದು ಬೆಳೆಯುತ್ತದೆ, ಉಸಿರಾಡಲು ನೀರಿನ ಮೇಲೆ ಬರುತ್ತದೆ, ಆದ್ದರಿಂದ ಅದು ಮೀನಲ್ಲ ಅನ್ನೋದನ್ನೂ ಅಲ್ಲೇ ಹೇಳಿಬಿಡಿ. ಕೊನೆಗೆ ಬಾಲದ ಪಕ್ಕ ಒಂದು ಗೇಣು ಅಳೆದು ಗೆರೆ ಹಾಕಿ: ಅದು ಬಂಗುಡೆ ಮೀನು.

ಆಮೆಮರಿಯ ದಾರಿ

ಇದು ಸಂಜೆಯ ಆಟ. ಕುಂದಾಪುರ, ಹೊನ್ನಾವರದ ಕಡೆಯ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಒಂದು ಗುಂಡಿಯಲ್ಲಿ ನೂರರಷ್ಟು ಮೊಟ್ಟೆ. ಸುಮಾರು ಒಂದೂವರೆ, ಎರಡು ತಿಂಗಳಿಗೆ ಮರಿಗಳು ಹೊರಬಂದು, ಹೆಚ್ಚಾಗಿ ರಾತ್ರಿ ಹೊತ್ತು, ಬೆಳಕು ಕಾಣುವ ಕಡೆಗೆ ತೆವಳುತ್ತವೆ. ಕತ್ತಲ ದಡಕ್ಕಿಂತ ಕಡಲಿನ ದಿಕ್ಕು ತುಸು ಬೆಳ್ಳಗೆ ಕಾಣುತ್ತದೆ, ಅದೇ ಅವಕ್ಕೆ ದಾರಿ.

ಕೋಣೆಯ ದೀಪ ಆರಿಸಿ, ಒಂದು ಗೋಡೆಯ ಹತ್ತಿರ ನೀಲಿ ಬಟ್ಟೆ ಹಾಸಿ ಅಲ್ಲಿ ಟಾರ್ಚ್ ಹಚ್ಚಿಡಿ. ಮಗು ಇನ್ನೊಂದು ಮೂಲೆಯಲ್ಲಿ ಹೊದಿಕೆಯೊಳಗೆ ಮುದುರಿ ಮಲಗಲಿ, ಅದೇ ಮೊಟ್ಟೆ. 'ಒಡೀತು!' ಅಂದ ಕೂಡಲೇ ಹೊರಬಂದು ಬೆಳಕಿನ ಕಡೆಗೆ ತೆವಳಲಿ. ಎರಡನೇ ಸಲ ಅದು ಅರ್ಧ ದಾರಿಗೆ ಬಂದಾಗ ಹಿಂದುಗಡೆ ದೊಡ್ಡ ದೀಪ ಹಾಕಿ. ಈಗ ಯಾವ ಕಡೆ ಹೋಗಬೇಕು? ದಡದ ಮೇಲಿನ ರೆಸಾರ್ಟ್, ರಸ್ತೆಗಳ ದೀಪ ಕಂಡು ನಿಜವಾದ ಮರಿಗಳೂ ಹೀಗೆ ದಾರಿ ತಪ್ಪುತ್ತವೆ. ಬೈದು ಬುದ್ಧಿ ಹೇಳುವ ಅಗತ್ಯವೇ ಇಲ್ಲ, ಎಷ್ಟೋ ಮಕ್ಕಳು ತಾವೇ ಓಡಿಹೋಗಿ ಆ ದೀಪ ಆರಿಸುತ್ತಾರೆ. ಕತ್ತಲೆಗೆ ಹೆದರುವ ಮಗುವಾದರೆ ಬಾಗಿಲು ಸ್ವಲ್ಪ ತೆರೆದಿಡಿ.

ಹತ್ತು ನಿಮಿಷ ಇದ್ದರೆ

ಪಾರದರ್ಶಕ ಬಾಟಲಿಯಲ್ಲಿ ಅರ್ಧ ನೀರು, ಎರಡು ಹನಿ ನೀಲಿ ಫುಡ್ ಕಲರ್, ಉಳಿದರ್ಧ ಅಡುಗೆ ಎಣ್ಣೆ. ಮುಚ್ಚಳವನ್ನು ಅಂಟು, ಟೇಪ್ ಹಾಕಿ ಬಿಗಿ ಮಾಡಿ, ಅಡ್ಡ ಹಿಡಿದು ಮೆಲ್ಲಗೆ ಆಡಿಸಿದರೆ ಅಲೆ ಏಳುತ್ತದೆ. ಚೌಕಾಬಾರದ ಕವಡೆ ಮನೆಯಲ್ಲಿದ್ದರೆ ಅದನ್ನೂ ತೋರಿಸಿ, ಅದು ಕಡಲ ಬಸವನಹುಳುವಿನ ಚಿಪ್ಪು. ನಾಲ್ಕು ಕವಡೆ ಎಸೆದು ಎಷ್ಟು ಅಂಗಾತ, ಎಷ್ಟು ಕವುಚಿ ಅಂತ ಎಣಿಸುವುದೇ ಒಂದು ಗಣಿತ. ಮೂರು ವರ್ಷದೊಳಗಿನವರ ಕೈಗೆ ಮಾತ್ರ ಕವಡೆ ಬೇಡ, ಬಾಯಿಗೆ ಹಾಕಿಕೊಳ್ಳುತ್ತಾರೆ.

ಮೀನು ತರುವ ಮನೆಯಾದರೆ

ಬಂಗುಡೆಯನ್ನು ಕತ್ತರಿಸುವ ಮೊದಲು ತಟ್ಟೆಯಲ್ಲಿಟ್ಟು ಮಗುವಿಗೆ ಐದು ನಿಮಿಷ ಕೊಡಿ. ಬೆನ್ನು ಕಪ್ಪು ನೀಲಿ, ಅದರ ಮೇಲೆ ಉದ್ದುದ್ದಕ್ಕೆ ತೆಳು ಪಟ್ಟೆ. ಹೊಟ್ಟೆ ಬೆಳ್ಳಿ ಬಣ್ಣ. ಮೇಲಿನಿಂದ ಹಕ್ಕಿ ನೋಡಿದರೆ ಬೆನ್ನು ಕಪ್ಪು ನೀರಿನಲ್ಲಿ ಬೆರೆತುಹೋಗುತ್ತದೆ, ಕೆಳಗಿನಿಂದ ದೊಡ್ಡ ಮೀನು ನೋಡಿದರೆ ಹೊಟ್ಟೆ ಬಿಳಿ ಬೆಳಕಿನಲ್ಲಿ ಕಾಣುವುದಿಲ್ಲ. ಕಿವಿರಿನ ಮುಚ್ಚಳ ಎತ್ತಿ ಒಳಗಿನ ಕೆಂಪು ಎಸಳುಗಳನ್ನು ತೋರಿಸಿ, ಮೀನು ಉಸಿರಾಡುವುದು ಅಲ್ಲಿಂದ. ಆಮೇಲೆ ಸೋಪು ಹಾಕಿ ಕೈ ತೊಳೆಸಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ಮಾರ್ಕೆಟ್ಟಿನಲ್ಲಿ ತಾಜಾ ಮೀನು ಕಡಿಮೆ. ಮಗು ಯಾಕೆ ಅಂತ ಕೇಳಿದರೆ, 'ಈಗ ಮೀನು ಮೊಟ್ಟೆ ಇಡೋ ಕಾಲ, ಮರಿಗಳು ದೊಡ್ಡದಾಗಲಿ ಅಂತ ಬಿಟ್ಟಿದ್ದಾರೆ' ಅನ್ನಿ.