ಲಕ್ಸರ್‌ನಲ್ಲಿ ಅಗ್ಗದ ಹೋಟೆಲ್: ರೂಮು ಹಿಡಿಯುವ ಮೊದಲು, ಹಿಡಿದ ಮೇಲೆ

ಈಜಿಪ್ಟಿನ ಲಕ್ಸರ್‌ನಲ್ಲಿ ಕಡಿಮೆ ದುಡ್ಡಿಗೆ ರೂಮು ಸಿಗುವುದು ಕಷ್ಟವೇ ಅಲ್ಲ. ಎಷ್ಟು ಕಡಿಮೆ ಅಂದರೆ, ಇಷ್ಟು ಬಾಡಿಗೆಗೆ ಬೆಳಗಿನ ತಿಂಡಿಯನ್ನೂ ಹೇಗೆ ಕೊಡುತ್ತಾರೆ ಅಂತ ಅನುಮಾನ ಬರುತ್ತದೆ. ಆ ಅನುಮಾನ ಸರಿಯಾದದ್ದೇ. ಇಲ್ಲಿನ ಎಷ್ಟೋ ಸಣ್ಣ ಹೋಟೆಲ್‌ಗಳಿಗೆ ಬಾಡಿಗೆಯಿಂದ ಉಳಿಯುವುದು ಕಡಿಮೆ. ನಿಜವಾದ ಲಾಭ ಬರುವುದು ರಾಜರ ಕಣಿವೆಯ (ಹಳೆಯ ಈಜಿಪ್ಟಿನ ರಾಜರ ಗೋರಿಗಳಿರುವ ಜಾಗ) ಟೂರು, ಬಲೂನು ಸವಾರಿ, ಫೆಲುಕಾ ಅನ್ನುವ ಹಾಯಿದೋಣಿ, ದಕ್ಷಿಣದ ಆಸ್ವಾನ್ ಊರಿಗೆ ಕಾರು ಅಂತ ನಿಮಗೆ ಮಾರುವ ಸೇವೆಗಳಿಂದ. ಇದು ಮೋಸವೇನೂ ಅಲ್ಲ, ಅವರ ವ್ಯಾಪಾರ ನಡೆಯುವುದೇ ಹಾಗೆ. ಆದರೆ ಇದು ಗೊತ್ತಿದ್ದರೆ ಹೋಟೆಲ್ ಆರಿಸುವ ರೀತಿಯೇ ಬದಲಾಗುತ್ತದೆ. ರೂಮು ಹೇಗಿದೆ ಅನ್ನುವಷ್ಟೇ ಮುಖ್ಯ, ನೀವು ಟೂರು ಬೇಡ ಅಂದಾಗ ಅವರು ಹೇಗಿರುತ್ತಾರೆ ಅನ್ನುವುದು.

ಮೊದಲು ನೈಲ್ ನದಿಯ ಯಾವ ದಡ ಅಂತ ತೀರ್ಮಾನ ಮಾಡಿ, ಹೋಟೆಲ್ ಹೆಸರು ಆಮೇಲೆ. ಪೂರ್ವ ದಡದಲ್ಲಿ ಊರಿದೆ: ರೈಲು ನಿಲ್ದಾಣ, ಮಾರುಕಟ್ಟೆ, ಲಕ್ಸರ್ ದೇವಾಲಯ, ಮ್ಯೂಸಿಯಂ, ಲಕ್ಸರ್ ದೇವಾಲಯದಿಂದ ಸುಮಾರು 3 ಕಿಲೋಮೀಟರ್ ಉತ್ತರಕ್ಕೆ ಕಾರ್ನಾಕ್ ದೇವಾಲಯ. ಪಶ್ಚಿಮ ದಡದಲ್ಲಿ ಕಬ್ಬಿನ ಗದ್ದೆ, ಹಳ್ಳಿ, ಅದರಾಚೆ ಬೆಟ್ಟ. ಆ ಬೆಟ್ಟದಲ್ಲಿ, ಅದರ ಬುಡದಲ್ಲೇ ರಾಜರ ಕಣಿವೆ, ಹಟ್ಷೆಪ್ಸುಟ್ ರಾಣಿಯ ದೇವಾಲಯ, ಮದೀನತ್ ಹಬು, ರಾಮೆಸಿಯಮ್ ದೇವಾಲಯಗಳು ಎಲ್ಲ ಇರುವುದು. ಒಂದೋ ಎರಡೋ ರಾತ್ರಿ ಮಾತ್ರ ಇರುವವರು, ರೈಲಿನಲ್ಲಿ ಬಂದು ರೈಲಿನಲ್ಲೇ ಹೋಗುವವರು ಪೂರ್ವ ದಡದಲ್ಲೇ ಉಳಿಯುವುದು ಒಳ್ಳೆಯದು. ಸಂಜೆ ದೀಪ ಹಾಕಿದ ಲಕ್ಸರ್ ದೇವಾಲಯವನ್ನು ನೋಡಿಕೊಂಡು ನಡೆದೇ ರೂಮಿಗೆ ಬರಬಹುದು. ಮೂರು ನಾಲ್ಕು ರಾತ್ರಿ ಇರುವುದಾದರೆ ನನ್ನ ಓಟು ಪಶ್ಚಿಮಕ್ಕೆ. ಅಲ್ಲಿ ಗದ್ದಲ ಕಡಿಮೆ, ಬೆನ್ನು ಹತ್ತುವವರು ಕಡಿಮೆ, ಮನೆಯವರೇ ನಡೆಸುವ ಸಣ್ಣ ಗೆಸ್ಟ್‌ಹೌಸ್‌ಗಳು ಜಾಸ್ತಿ. ದೋಣಿಕಟ್ಟೆಯ ಹತ್ತಿರದ ಗೆಜಿರಾ ಹಳ್ಳಿಯಲ್ಲಿ ಹುಡುಕಿ. ದೋಣಿಕಟ್ಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಇರುವುದು ಮುಖ್ಯ. ಬೆಟ್ಟದ ಬುಡದ ಕಡೆಗೆ ಹೋದಷ್ಟೂ ಚೆಂದ ಹೌದು, ಆದರೆ ರಾತ್ರಿ ಊಟಕ್ಕೂ ಗಾಡಿ ಬೇಕಾಗುತ್ತದೆ.

ಪೂರ್ವ ದಡದ ಅಗ್ಗದ ರೂಮುಗಳು ಹೆಚ್ಚಾಗಿ ರೈಲು ನಿಲ್ದಾಣದ ಎದುರಿನ ರಸ್ತೆಗಳಲ್ಲಿ ಮತ್ತು ಟೆಲಿವಿಷನ್ ಸ್ಟ್ರೀಟ್ ಸುತ್ತಮುತ್ತ ಇವೆ. ನದಿಯ ಉದ್ದಕ್ಕೂ ಹೋಗುವ ಕಾರ್ನಿಶ್ ರಸ್ತೆಯಲ್ಲಿ ದುಬಾರಿ. 'ನೈಲ್ ನೋಟ' ಅಂತ ಬರೆದಿದ್ದರೆ ಅದು ರೂಮಿನ ಕಿಟಕಿಯಿಂದಲೋ ಟೆರೇಸಿನಿಂದಲೋ ಅಂತ ಕೇಳಿ. ಟೆರೇಸಿನಿಂದ ಅಂದರೂ ಪರವಾಗಿಲ್ಲ. ಒಳ್ಳೆಯ ಟೆರೇಸ್ ಇರುವ ಹೋಟೆಲಿನಲ್ಲಿ ರೂಮಿನೊಳಗೆ ಕೂರುವುದೇ ಕಡಿಮೆ.

ಯಾವಾಗ ಹೋಗುತ್ತೀರಿ ಅನ್ನುವುದರ ಮೇಲೆ ಎಂಥ ರೂಮು ಬೇಕು ಅನ್ನುವುದು ನಿಂತಿದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲಿ. ಆಗ ಎಸಿ ಇಲ್ಲದ ರೂಮನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ, ಮೇಲಿನ ಮಹಡಿಯೂ ಬೇಡ. ಇಡೀ ದಿನ ಕಾದ ಛಾವಣಿ ರಾತ್ರಿಯೆಲ್ಲ ಬಿಸಿ ಬಿಡುತ್ತಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಇದಕ್ಕೆ ಉಲ್ಟಾ. ಹಗಲು ಹಿತವಾಗಿರುತ್ತದೆ, ರಾತ್ರಿ ಚಳಿ ಕೊರೆಯುತ್ತದೆ, ಅಗ್ಗದ ಹೋಟೆಲ್‌ಗಳಲ್ಲಿ ರೂಮು ಬೆಚ್ಚಗಿಡುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಇನ್ನೊಂದು ಕಂಬಳಿ ಕೇಳಿ, ಕೊಡುತ್ತಾರೆ.

ಬೆಲೆಯ ವಿಚಾರದಲ್ಲಿ ಹಳೆಯ ರಿವ್ಯೂಗಳನ್ನು ನಂಬಬೇಡಿ. 2024ರ ಮಾರ್ಚ್‌ನಲ್ಲಿ ಈಜಿಪ್ಟಿನ ಪೌಂಡ್ ಒಂದೇ ಏಟಿಗೆ ಕುಸಿಯಿತು. ಡಾಲರಿಗೆ ಸುಮಾರು 31 ಇದ್ದದ್ದು 50ರ ಹತ್ತಿರ ಹೋಯಿತು. ಹಾಗಾಗಿ ಅದಕ್ಕಿಂತ ಮೊದಲು ಯಾರೋ ಬರೆದಿಟ್ಟ ಪೌಂಡ್ ಲೆಕ್ಕ ಈಗ ಕೆಲಸಕ್ಕೆ ಬರುವುದಿಲ್ಲ. ಬುಕ್ ಮಾಡುವಾಗ ಯಾವ ಕರೆನ್ಸಿಯಲ್ಲಿ ಕೊಡಬೇಕು, ಆ ಮೊತ್ತದಲ್ಲಿ ತೆರಿಗೆ ಸೇರಿದೆಯಾ ಅಂತ ಬರಹದಲ್ಲಿ ಕೇಳಿ. 14% ವ್ಯಾಟ್, 12% ಸರ್ವಿಸ್ ಚಾರ್ಜ್ ಅಂತ ಕೊನೆಗೆ ಸೇರಿಸಿದರೆ ಅಗ್ಗದ ರೂಮು ಅಷ್ಟೇನೂ ಅಗ್ಗವಾಗಿ ಉಳಿಯುವುದಿಲ್ಲ, ಅಲ್ವಾ? ಮೊದಲಿಗೆ ಒಂದೇ ರಾತ್ರಿಗೆ ಬುಕ್ ಮಾಡಿ. ಇಷ್ಟವಾದರೆ ಅಲ್ಲೇ ಮುಂದುವರಿಸಬಹುದು, ಎದುರಿಗೆ ಕೂತು ಮಾತಾಡಿದರೆ ಸ್ವಲ್ಪ ಕಡಿಮೆಯೂ ಆಗಬಹುದು. ಕ್ರಿಸ್‌ಮಸ್, ಹೊಸ ವರ್ಷದ ವಾರದಲ್ಲಿ ಮಾತ್ರ ಈ ಧೈರ್ಯ ಬೇಡ, ಆಗ ಊರು ತುಂಬಿರುತ್ತದೆ.

ಕೈರೋದಿಂದ ರಾತ್ರಿ ರೈಲು ಹತ್ತಿದರೆ ಹತ್ತು ಗಂಟೆ ಆಸುಪಾಸಿನ ಪ್ರಯಾಣ, ಬೆಳಗ್ಗೆ ಬಂದು ಇಳಿಯುತ್ತೀರಿ. ರೂಮು ಸಿಗುವುದು ಮಧ್ಯಾಹ್ನ. ಬರುವ ಸಮಯವನ್ನು ಮೊದಲೇ ಹೇಳಿಟ್ಟರೆ ಬ್ಯಾಗ್ ಇಟ್ಟುಕೊಂಡು, ಟೆರೇಸಿನಲ್ಲಿ ಟೀ ಕೊಟ್ಟು ಕೂರಿಸುತ್ತಾರೆ. ನಿಲ್ದಾಣದ ಹೊರಗೆ ಬಂದ ಕೂಡಲೇ ಒಬ್ಬಿಬ್ಬರು ಜೊತೆಯಾಗುತ್ತಾರೆ. ಯಾವ ಹೋಟೆಲ್ ಅಂತ ಕೇಳುತ್ತಾರೆ. ನೀವು ಹೆಸರು ಹೇಳಿದ ಮೇಲೆ ಅದು ಮುಚ್ಚಿದೆ, ಭರ್ತಿಯಾಗಿದೆ, ಮಾಲೀಕರು ಬದಲಾಗಿದ್ದಾರೆ, ನಾನೇ ಆ ಹೋಟೆಲಿನವನು ಅಂತ ಏನೋ ಒಂದು ಶುರುವಾಗುತ್ತದೆ. ನಿಮ್ಮನ್ನು ಬೇರೆ ಹೋಟೆಲಿಗೆ ಕರೆದುಕೊಂಡು ಹೋದರೆ ಅವರಿಗೆ ಕಮಿಷನ್, ಆ ಕಮಿಷನ್ ನಿಮ್ಮ ಬಾಡಿಗೆಗೇ ಸೇರುತ್ತದೆ. ಹೆಸರು ಹೇಳಲೇಬೇಡಿ. ನಗುತ್ತಾ 'ಲಾ, ಶುಕ್ರನ್' (ಬೇಡ, ಥ್ಯಾಂಕ್ಸ್) ಅಂದು ನಡೆಯುತ್ತಿರಿ. ಮ್ಯಾಪನ್ನು ಫೋನಿನಲ್ಲಿ ಮೊದಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ನಿಂತು ದಾರಿ ಕೇಳುವ ಕೆಲಸವೂ ಇಲ್ಲ. ಪಶ್ಚಿಮ ದಡಕ್ಕೆ ಹೋಗುವವರು ನಿಲ್ದಾಣದಿಂದ ಟ್ಯಾಕ್ಸಿ ಹಿಡಿದರೆ ಅದು ಊರಿನ ದಕ್ಷಿಣಕ್ಕಿರುವ ಸೇತುವೆ ಸುತ್ತಿಕೊಂಡು ಹೋಗಬೇಕು, ಸಮಯವೂ ದುಡ್ಡೂ ಜಾಸ್ತಿ. ಲಕ್ಸರ್ ದೇವಾಲಯದ ಎದುರಿನಿಂದ ಹೊರಡುವ ಸಾರ್ವಜನಿಕ ದೋಣಿಗೆ ಕೊಡುವುದು ಚಿಲ್ಲರೆ ಕಾಸು, ನದಿ ದಾಟಲು ಕೆಲವೇ ನಿಮಿಷ. ಅದೇ ಕಟ್ಟೆಯಲ್ಲಿ ಖಾಸಗಿ ಮೋಟಾರು ದೋಣಿಯವರು 'ಆ ದೊಡ್ಡ ದೋಣಿ ಈಗ ಹೋಗಲ್ಲ' ಅಂದರೆ ಸುಮ್ನೆ ಕಾಯಿರಿ, ಬರುತ್ತದೆ.

ರೂಮು ನೋಡದೆ ದುಡ್ಡು ಕೊಡಬೇಡಿ. ಎಸಿ ಹಾಕಿಸಿ, ಗಾಳಿ ತಣ್ಣಗಾಗುವ ತನಕ ಅಲ್ಲೇ ನಿಂತಿರಿ. ಬಿಸಿನೀರಿನ ನಲ್ಲಿ ತಿರುಗಿಸಿ ನೋಡಿ. ಕಿಟಕಿಯ ಸೊಳ್ಳೆಪರದೆ ಹರಿದಿದೆಯಾ, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ಹಾಸಿಗೆ ಬಟ್ಟೆ ಒಗೆದದ್ದೇನಾ ಅಂತ ನೋಡಿ. ಒಬ್ಬರೇ ಹೋಗುವ ಹೆಂಗಸರು ಚಿಲಕದ ವಿಚಾರದಲ್ಲಿ ಸಂಕೋಚ ಬಿಟ್ಟು ಬೇರೆ ರೂಮು ಕೇಳಿ. ರಸ್ತೆ ಕಡೆಯ ರೂಮಿಗಿಂತ ಹಿಂದಿನ ರೂಮು ವಾಸಿ, ಹಾರ್ನ್ ಸದ್ದು ಕಡಿಮೆ. ಮುಂಜಾನೆಯ ಬಾಂಗ್ ಮಾತ್ರ ಎಲ್ಲಿದ್ದರೂ ಕೇಳುತ್ತದೆ. ಲಕ್ಸರ್ ದೇವಾಲಯದ ಒಳಗೇ ಅಬು ಹಗ್ಗಾಗ್ ಮಸೀದಿ ಇದೆ, ಇಂದಿಗೂ ಅಲ್ಲಿ ನಮಾಜು ನಡೆಯುತ್ತದೆ. ಮೂರು ಸಾವಿರ ವರ್ಷಕ್ಕಿಂತ ಹಳೆಯ ಕಂಬಗಳ ಮೇಲಿಂದ ಬರುವ ಆ ಕರೆಗೆ ಎಚ್ಚರವಾದರೆ ನನಗಂತೂ ಬೇಜಾರಿಲ್ಲ. ನಿಮಗೆ ಬೇಜಾರಾದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ. ರಿಜಿಸ್ಟರಿಗೆ ಪಾಸ್‌ಪೋರ್ಟ್ ಕೇಳುತ್ತಾರೆ, ಅದು ನಿಯಮ. ಫೋಟೋ ತೆಗೆದುಕೊಂಡ ಮೇಲೆ ವಾಪಸ್ ಇಸಿದುಕೊಳ್ಳಿ.

ಇನ್ನು ಟೀ. ಬಂದ ದಿನವೇ ಮಾಲೀಕರೋ ಮ್ಯಾನೇಜರೋ ಕೂರಿಸಿ, ದಾಸವಾಳದ ಜಾತಿಯ ಹೂವಿನಿಂದ ಮಾಡುವ ಕೆಂಪಗಿನ ಕರ್ಕಡೆ ಪಾನಕವನ್ನೋ ಟೀಯನ್ನೋ ಕೊಟ್ಟು, ನಾಳೆ ಏನು ಪ್ಲಾನ್ ಅಂತ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ಒಂದು ಕಾಗದದ ಮೇಲೆ ದಿನಕ್ಕೊಂದರಂತೆ ಬರೆದೂ ಕೊಡುತ್ತಾರೆ. ಕುಡಿಯಿರಿ, ಕೇಳಿಸಿಕೊಳ್ಳಿ, ರೇಟು ಬರೆದುಕೊಳ್ಳಿ, ಆದರೆ ಅವತ್ತೇ ಹೂಂ ಅನ್ನಬೇಡಿ. 'ಒಂದು ರಾತ್ರಿ ಯೋಚನೆ ಮಾಡುತ್ತೇನೆ' ಅಂದರೆ ಸಾಕು. ಇದಾದ ಮೇಲೂ ಬೆಳಗ್ಗೆ ಅದೇ ನಗುಮುಖದಲ್ಲಿ ತಿಂಡಿ ಕೊಟ್ಟರೆ ಆ ಹೋಟೆಲ್ ಒಳ್ಳೆಯದು, ಇನ್ನೆರಡು ರಾತ್ರಿ ಧಾರಾಳವಾಗಿ ಇರಿ. ಮುಖ ಗಂಟಿಕ್ಕಿಕೊಂಡರೆ, ವೈಫೈ ಪಾಸ್‌ವರ್ಡ್ ಕೇಳಿದಾಗಲೂ ಟೂರಿನ ಮಾತೇ ಬಂದರೆ, ಬ್ಯಾಗ್ ಎತ್ತಿಕೊಂಡು ಪಕ್ಕದ ಬೀದಿಗೆ ಹೋಗಿ. ಒಂದೇ ರಾತ್ರಿಗೆ ಬುಕ್ ಮಾಡಿ ಅಂದಿದ್ದು ಇದಕ್ಕೇ.

ಟೂರು ತೆಗೆದುಕೊಳ್ಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಬೇಸಿಗೆಯಲ್ಲಿ, ಮಕ್ಕಳು ವಯಸ್ಸಾದವರು ಜೊತೆಗಿದ್ದರೆ, ಪಶ್ಚಿಮ ದಡಕ್ಕೆ ಹೋಟೆಲಿನ ಕಾರು ಹಿಡಿಯುವುದೇ ಜಾಣತನ. ಕೇಳಬೇಕಾದ್ದು ಇಷ್ಟು: ಟಿಕೆಟ್ ದುಡ್ಡು ಸೇರಿದೆಯಾ, ಗೈಡ್ ಇದ್ದಾರಾ ಅಥವಾ ಡ್ರೈವರ್ ಮಾತ್ರವಾ, ಅಲಬಾಸ್ಟರ್ ಕಲ್ಲಿನ ಅಂಗಡಿ, ಪಪೈರಸ್ (ಜೊಂಡಿನಿಂದ ಮಾಡಿದ ಕಾಗದ) ಅಂಗಡಿಗೆ ನಿಲ್ಲಿಸುತ್ತೀರಾ. ಅಂಗಡಿ ಬೇಡ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಗೋರಿಗಳಿಗಿಂತ ಜಾಸ್ತಿ ಹೊತ್ತು ಅಂಗಡಿಯಲ್ಲೇ ಕಳೆಯುತ್ತದೆ. ಬಲೂನಿನಲ್ಲಿ ಮಾತ್ರ ಅಗ್ಗದ್ದನ್ನು ಹುಡುಕಬೇಡಿ. 2013ರ ಫೆಬ್ರವರಿಯಲ್ಲಿ ಲಕ್ಸರ್‌ನಲ್ಲೇ ಬಲೂನಿಗೆ ಬೆಂಕಿ ಹತ್ತಿಕೊಂಡು 19 ಜನ ಸತ್ತರು. ಹೋಟೆಲಿನವರು ಮಧ್ಯವರ್ತಿಗಳಷ್ಟೇ, ಹಾರಿಸುವ ಕಂಪನಿ ಯಾವುದು, ವಿಮೆ ಇದೆಯಾ, ಗಾಳಿ ಜಾಸ್ತಿಯಾಗಿ ಹಾರಾಟ ರದ್ದಾದರೆ ದುಡ್ಡು ವಾಪಸ್ಸಾ ಅಂತ ಕೇಳಿ ತಿಳಿದುಕೊಳ್ಳಿ.

ಸ್ವಂತವಾಗಿ ಹೋಗುವವರಿಗೆ ಲಕ್ಸರ್ ತುಂಬಾ ಸುಲಭದ ಊರು. ಕಾರ್ನಾಕ್ ಬೆಳಗ್ಗೆ 6ಕ್ಕೇ ತೆರೆಯುತ್ತದೆ. ಕೆಂಪು ಸಮುದ್ರದ ದಡದ ಹುರ್ಘಾದಾ ಕಡೆಯಿಂದ ದಿನದ ಟೂರಿಗೆ ಬರುವ ಬಸ್ಸುಗಳು ಮುಟ್ಟಲು ಇನ್ನೂ ಹೊತ್ತಿರುತ್ತದೆ, 134 ಕಂಬಗಳ ಆ ಮಂಟಪದಲ್ಲಿ ನೀವೂ ಗುಬ್ಬಚ್ಚಿಗಳೂ ಬಿಟ್ಟರೆ ಹೆಚ್ಚು ಜನ ಇರುವುದಿಲ್ಲ. ಊರಲ್ಲೇ ರಾತ್ರಿ ಉಳಿಯುವುದರ ದೊಡ್ಡ ಲಾಭ ಇದೇ. ಹೋಟೆಲಿನ ತಿಂಡಿ ಅಷ್ಟು ಬೇಗ ಆಗುವುದಿಲ್ಲ. ಹಿಂದಿನ ರಾತ್ರಿಯೇ ಹೇಳಿದರೆ ಬ್ರೆಡ್ಡು, ಚೀಸು, ಮೊಟ್ಟೆ ಕಟ್ಟಿಕೊಡುತ್ತಾರೆ. ಪಶ್ಚಿಮ ದಡದಲ್ಲಿ ಚಳಿಗಾಲವಾದರೆ ಸೈಕಲ್ ಬಾಡಿಗೆಗೆ ಹಿಡಿಯಿರಿ. ಮೆಮ್ನನ್ ಪ್ರತಿಮೆಗಳವರೆಗೂ ರಸ್ತೆ ಸಮತಟ್ಟು. ಸುಮಾರು 18 ಮೀಟರ್ ಎತ್ತರದ ಆ ಎರಡು ಪ್ರತಿಮೆ ನೋಡಲು ಟಿಕೆಟ್ಟೂ ಬೇಡ. ರಾಜರ ಕಣಿವೆಗೆ ಮಾತ್ರ ಏರುದಾರಿ. ಅಲ್ಲಿನ ಸಾಮಾನ್ಯ ಟಿಕೆಟ್ಟಿಗೆ ಮೂರು ಗೋರಿ ನೋಡಬಹುದು. ಟುಟಂಖಾಮನ್, ಮೊದಲನೇ ಸೇಟಿ, ಈ ರಾಜರ ಗೋರಿಗಳಿಗೆಲ್ಲ ಬೇರೆ ಟಿಕೆಟ್. ದೊಡ್ಡ ಜಾಗಗಳ ಕೌಂಟರಿನಲ್ಲಿ ಈಗ ನಗದು ತೆಗೆದುಕೊಳ್ಳುವುದಿಲ್ಲ, ಅಂತರರಾಷ್ಟ್ರೀಯ ಕಾರ್ಡ್ ಬೇಕು. ವಿದ್ಯಾರ್ಥಿ ಕಾರ್ಡ್ ಇದ್ದರೆ ಅರ್ಧ ದರ, ಮರೆಯದೆ ತನ್ನಿ. ಟಿಕೆಟ್ಟಿನ ಒಟ್ಟು ಖರ್ಚು ಎಷ್ಟೋ ಸಲ ರೂಮಿನ ಖರ್ಚನ್ನು ಮೀರುತ್ತದೆ, ಬಜೆಟ್ ಹಾಕುವಾಗ ಇದನ್ನು ಮೊದಲು ಬರೆಯಿರಿ.

ಕಾರ್ಡ್ ಇದ್ದರೂ ಚಿಲ್ಲರೆ ಇಲ್ಲದೆ ಈ ಊರಲ್ಲಿ ದಿನ ಸಾಗುವುದಿಲ್ಲ. ಬ್ಯಾಗ್ ಎತ್ತಿಕೊಟ್ಟವರಿಗೆ, ಶೌಚಾಲಯದ ಬಾಗಿಲಲ್ಲಿ ಕೂತವರಿಗೆ, ಗೋರಿಯೊಳಗೆ ನೀವು ಕೇಳದಿದ್ದರೂ ಟಾರ್ಚ್ ಬಿಟ್ಟು ತೋರಿಸಿದವರಿಗೆ, ಎಲ್ಲರಿಗೂ ಬಕ್ಷೀಸು ಬೇಕು. 10, 20ರ ನೋಟುಗಳನ್ನು ಬೇರೆ ಜೇಬಿನಲ್ಲಿ ಇಟ್ಟುಕೊಳ್ಳಿ. ಕೇಳದೆ ಮಾಡಿದ ಸಹಾಯಕ್ಕೆ ಕೊಡಲೇಬೇಕು ಅಂತೇನಿಲ್ಲ. ರೂಮು ಗುಡಿಸುವವರಿಗೆ ಮಾತ್ರ ಹೋಗುವ ದಿನ ಕೈಯಲ್ಲೇ ಕೊಟ್ಟು ಹೋಗಿ, ಅವರ ಸಂಬಳ ಸಣ್ಣದು. ಚಿಲ್ಲರೆ ವಾಪಸ್ ತೆಗೆದುಕೊಳ್ಳುವಾಗ ನೋಟು ತಿರುಗಿಸಿ ನೋಡಿ: 50 ಪೌಂಡಿನ ಬದಲು 50 ಪಿಯಾಸ್ಟರ್ ನೋಟು ಕೊಡುವ ಹಳೆಯ ಆಟ ಒಂದಿದೆ. ನೂರು ಪಿಯಾಸ್ಟರ್ ಸೇರಿದರೆ ಒಂದು ಪೌಂಡ್, ಲೆಕ್ಕ ಹಾಕಿಕೊಳ್ಳಿ. ಅಂಗಡಿಯ ಬೋರ್ಡುಗಳಲ್ಲಿ ಅರಬ್ಬಿ ಅಂಕಿ ಇರುತ್ತದೆ. ಅದರಲ್ಲಿ ನಮ್ಮ ಸೊನ್ನೆಯ ಹಾಗೆ ಕಾಣುವುದು ಐದು, ಬರೀ ಚುಕ್ಕಿಯೇ ಸೊನ್ನೆ. ಹತ್ತು ಅಂಕಿ ಕಲಿತುಕೊಂಡರೆ ಊರಿನವರಿಗೆ ಎಷ್ಟು, ನಿಮಗೆ ಎಷ್ಟು ಅಂತ ಗೊತ್ತಾಗುತ್ತದೆ.

ಊಟದ ಚಿಂತೆ ಬೇಡ, ಸಸ್ಯಾಹಾರಿಗಳಿಗೂ. ಅನ್ನ, ಮಸೂರ ಬೇಳೆ, ಮ್ಯಾಕರೋನಿ, ಕಡಲೆಕಾಳು, ಮೇಲೆ ಟೊಮೆಟೊ ಸಾರು ಮತ್ತು ಕರಿದ ಈರುಳ್ಳಿ ಹಾಕಿ ಕೊಡುವ ಕೊಶರಿ ಹೊಟ್ಟೆ ತುಂಬಿಸುತ್ತದೆ. ಬೇಯಿಸಿದ ಕಾಳಿನ ಫೂಲ್, ಕಾಳು ರುಬ್ಬಿ ಕರಿದ ತಾಮೆಯ್ಯಾ ಬೆಳಗ್ಗೆ ಬೀದಿಯಲ್ಲೇ ಸಿಗುತ್ತವೆ. ಮುಲೂಖಿಯ್ಯಾ ಅನ್ನುವ ಸೊಪ್ಪಿನ ಸಾರು ನೋಡಲು ಸಸ್ಯಾಹಾರ, ಆದರೆ ಹೆಚ್ಚಾಗಿ ಕೋಳಿಯದೋ ಮಾಂಸದ್ದೋ ರಸದಲ್ಲಿ ಮಾಡುತ್ತಾರೆ. ಕೇಳಿ ತಿನ್ನಿ. ನಲ್ಲಿ ನೀರು ಕುಡಿಯಬೇಡಿ. ಬಾಟಲಿ ನೀರನ್ನು ಹೋಟೆಲಿನ ಫ್ರಿಜ್ಜಿನಿಂದ ತೆಗೆಯುವ ಬದಲು ಬೀದಿಯ ಕಿರಾಣಿ ಅಂಗಡಿಯಲ್ಲಿ ತಂದಿಟ್ಟುಕೊಂಡರೆ ಉಳಿತಾಯ.

ಚಾರ್ಜರಿಗೆ ದುಂಡನೆಯ ಎರಡು ಪಿನ್ನಿನ ಸಾಕೆಟ್, 220 ವೋಲ್ಟ್. ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ಶೌಚಾಲಯದಲ್ಲಿ ತೊಳೆದುಕೊಳ್ಳಲು ನೀರಿನ ವ್ಯವಸ್ಥೆ ಇರುತ್ತದೆ, ಕಾಗದವನ್ನು ಕಮೋಡಿಗೆ ಹಾಕದೆ ಬುಟ್ಟಿಗೆ ಹಾಕಿ.

ಹೊರಡುವ ಹಿಂದಿನ ಸಂಜೆಯೇ ಲೆಕ್ಕ ಕೇಳಿ. ಟೆರೇಸಿನಲ್ಲಿ ಕುಡಿದ ಟೀ, ನೀರು, ಬಟ್ಟೆ ಒಗೆಸಿದ್ದು ಎಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ, ನೀವೂ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದರೆ ಮಾತು ಬೇಗ ಮುಗಿಯುತ್ತದೆ. ರೈಲು ರಾತ್ರಿಗಿದ್ದರೆ ಬ್ಯಾಗ್ ರಿಸೆಪ್ಷನ್ನಿನಲ್ಲಿ ಬಿಟ್ಟು ಹೋಗಬಹುದು, ವಾಪಸ್ ಬಂದು ಸ್ನಾನ ಮಾಡಲು ಒಂದು ಬಾತ್‌ರೂಮ್ ಸಿಗುತ್ತದಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.